ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿಯೇ ಇದೆ

ಬಡಾವಣೆಯ ಕನ್ನಡ ಸಂಘಕ್ಕೊಂದು ವೆಬ್‌ಸೈಟ್ ಮಾಡುವವರು ಯಾರು ಎಂದು ಅಧ್ಯಕ್ಷರು ಕೇಳಿದಾಗ ಸಮಿತಿಯವರೆಲ್ಲ ಮೇಲಿನ ಫ್ಯಾನ್ ನೋಡತೊಡಗಿದರು. ನಾನು ಕೇಸರಿಬಾತಿನ ತಟ್ಟೆಯತ್ತ ತಲೆ ಬಗ್ಗಿಸಿದ್ದೆ. ಅದು ಒಪ್ಪಿಗೆಯೆಂದು ನಡಾವಳಿ ಪುಸ್ತಕದಲ್ಲಿ ದಾಖಲಾಯಿತು.

‘ಡೊಮೇನಿಗೆಷ್ಟು, ಹೋಸ್ಟಿಂಗಿಗೆಷ್ಟು?’ ಎಂದು ಖಜಾಂಚಿ ಕೇಳಿದರು. ಒಂದನ್ನು ಕೊಂಡರೆ ಇನ್ನೊಂದನ್ನು ಪುಕ್ಕಟೆ ಕೊಡುತ್ತಾರೆ ಎಂದೆ, ಮಾರುವವನ ಗತ್ತಿನಲ್ಲಿ. ಡೊಮೇನ್ ಎಂದರೆ ಬರೀ ಹೆಸರು, ಅದನ್ನೂ ಕಾಲಕಾಲಕ್ಕೆ ದುಡ್ಡು ಕಟ್ಟಿ ಉಳಿಸಿಕೊಳ್ಳಬೇಕು. ಪುಟಗಳು ವಾಸಿಸುವ ಸರ್ವರ್‌ನ ಜಾಗಕ್ಕೆ ಬೇರೆ ಬಾಡಿಗೆ. ಎರಡಕ್ಕೂ ಗಂಟು ಹಾಕಲು ಡಿಎನ್‌ಎಸ್ ಎಂಬ ಮೂರನೆಯದು. ಇಷ್ಟೂ ತಿಳಿದದ್ದು ರಸೀದಿ ಬಂದ ಮೇಲೆ.

ಮುಂದಿನ ಪಾಠ ಇಂಜಿನಿಯರಿಂಗ್ ಓದುವ ತಂಗಿಯ ಮಗಳಿಂದ. ಎಚ್‌ಟಿಎಂಎಲ್ ಯಾವುದು ತಲೆಬರಹ, ಯಾವುದು ಚಿತ್ರ ಎಂದು ಹೇಳುತ್ತದಂತೆ. ಅದು ಹೇಗೆ ಕಾಣಬೇಕೆಂಬುದು ಸಿಎಸ್‌ಎಸ್‌ನ ಜವಾಬ್ದಾರಿ. ಒತ್ತಿದಾಗ ಏನಾಗಬೇಕೆಂಬುದು ಜಾವಾಸ್ಕ್ರಿಪ್ಟ್‌ನದು. ಈ ಜಾವಾಸ್ಕ್ರಿಪ್ಟಿನ ಮೊದಲ ರೂಪವನ್ನು ಬ್ರೆಂಡನ್ ಐಕ್ 1995ರಲ್ಲಿ ಹತ್ತೇ ದಿನದಲ್ಲಿ ಹೊಸೆದರಂತೆ. ಪುಣ್ಯಾತ್ಮ. ನಾನು ಅದಕ್ಕಿಂತ ಹೆಚ್ಚು ಕಾಲ ಸಂಘದ ಲಾಂಛನವನ್ನು ಪುಟದ ನಡುವೆ ಕೂರಿಸಲು ಹೆಣಗಿದೆ. ಚೌಕಟ್ಟಿನ ಹೊರಗೆ ಬಿಡುವ ಜಾಗ ಮಾರ್ಜಿನ್, ಒಳಗೆ ಬಿಡುವುದು ಪ್ಯಾಡಿಂಗ್. ನಾನು ಹೊರಗೆ ಬಿಡಬೇಕಾದದ್ದನ್ನೆಲ್ಲ ಒಳಗೆ ಬಿಟ್ಟೆ. ಲಾಂಛನದ ಚೌಕ ಉಬ್ಬುತ್ತಾ ಹೋಗಿ ಪದಾಧಿಕಾರಿಗಳೆಲ್ಲ ಪುಟದ ತಳಕ್ಕೆ, ‘ದೇಣಿಗೆ ನೀಡಿ’ ಎಂಬುದರ ಕೆಳಕ್ಕೆ ಜಾರಿದರು.

ಅದೂ ಸರಿಹೋಯಿತೆನ್ನಿ. ‘ಲೋಕಾರ್ಪಣೆ’ ಎಂದು ಬರೆದು, ವಿಳಾಸವನ್ನು ವಾಟ್ಸಾಪ್ ಗುಂಪಿಗೆ ಹಾಕಿದೆ. ಅದು ‘ಸಿ ಡ್ರೈವ್’ ಎಂದು ಶುರುವಾಗುತ್ತಿತ್ತು. ಪುಟ ಇದ್ದದ್ದು ನನ್ನ ಕಂಪ್ಯೂಟರಿನ ಹೊಟ್ಟೆಯೊಳಗೆ. ಲೋಕ ಅಲ್ಲಿಗೆ ಬರುವಂತಿರಲಿಲ್ಲ. ಉಪಾಧ್ಯಕ್ಷರು ತಮ್ಮ ಫೋನಿನಲ್ಲಿ ಸಿ ಡ್ರೈವ್ ಎಲ್ಲಿದೆ ಎಂದು ಮೊಮ್ಮಗನನ್ನು ಪೀಡಿಸಿದರಂತೆ.

ಫೈಲುಗಳನ್ನು ಸರ್ವರಿಗೆ ಏರಿಸಿದ ಮೇಲೆ ಅಸಲಿ ಲೋಕಾರ್ಪಣೆಯಾಯಿತು. ಫೋಟೊಗಳು ಒಂದೂ ಕಾಣಲಿಲ್ಲ. ನನ್ನ ವಿಂಡೋಸ್, ಫೈಲಿನ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರಗಳ ಭೇದವೆಣಿಸದ ಉದಾರಿ. ಸರ್ವರಿನ ಲಿನಕ್ಸ್ ಮಡಿವಂತ. ಒಂದಕ್ಷರ ಹೆಚ್ಚುಕಡಿಮೆಯಾದರೆ ಮುಟ್ಟುವುದಿಲ್ಲ. ಇಂಥ ಹೊತ್ತಿಗೆಂದೇ ಚಿತ್ರದ ಬದಲು ತೋರಿಸಲು ‘ಆಲ್ಟ್’ ಪಠ್ಯವೊಂದನ್ನು ಬರೆಯಬೇಕು. ಕಣ್ಣು ಕಾಣದವರಿಗೆ ಸ್ಕ್ರೀನ್ ರೀಡರ್ ಓದಿ ಹೇಳುವುದೂ ಅದನ್ನೇ. ಅದು ಯಾರ ಕಣ್ಣಿಗೂ ಬೀಳದೆಂದು ನಂಬಿ ನಾನು ಎಲ್ಲ ಕಡೆ ‘ಯಾರದೋ ಫೋಟೊ’ ಎಂದು ಗೀಚಿದ್ದೆ. ಈಗ ದಪ್ಪಕ್ಷರದಲ್ಲಿ ‘ನಮ್ಮ ಹೆಮ್ಮೆಯ ಅಧ್ಯಕ್ಷರು’, ಅದರ ಕೆಳಗೆ ‘ಯಾರದೋ ಫೋಟೊ’.

ಕಾರ್ಯದರ್ಶಿಗಳ ಪಾಡು ಇನ್ನೊಂದು ಬಗೆ. ಅವರ ಸಂದೇಶ ಹಳೆಯ ನುಡಿ ಫಾಂಟಿನಲ್ಲಿತ್ತು. ಆ ಫಾಂಟ್ ಇರುವ ನನ್ನ ಕಂಪ್ಯೂಟರಿನಲ್ಲಿ ಅಚ್ಚಗನ್ನಡ. ಉಳಿದವರ ಫೋನಿನಲ್ಲಿ ತಲೆ ಮೇಲೆ ಟೋಪಿ, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಮೆರವಣಿಗೆ. ಯೂನಿಕೋಡಿಗೆ ಬದಲಿಸಬೇಕು ಎಂದಳು ತಂಗಿಯ ಮಗಳು. ಪರಿವರ್ತಕಕ್ಕೆ ಇಡೀ ಪುಟವನ್ನೇ ಸುರಿದೆ. ‘ನಮ್ಮ ಬಗ್ಗೆ’ ಎಂಬ ಭಾಗದಲ್ಲಿ, ಮುಂದೆ ತುಂಬಿಸೋಣವೆಂದು ಬಿಟ್ಟಿದ್ದ ‘ಲೋರೆಮ್ ಇಪ್ಸಮ್’ ಇತ್ತು. ಅದು ಕ್ರಿ.ಪೂ. 45ರಲ್ಲಿ ಸಿಸೆರೊ ಬರೆದ ಗ್ರಂಥವೊಂದನ್ನು ಕತ್ತರಿಸಿ ಕಲಸಿದ, ವಿನ್ಯಾಸಕಾರರು ಖಾಲಿ ಜಾಗ ತುಂಬಲು ಬಳಸುವ ಲ್ಯಾಟಿನ್. ಪರಿವರ್ತಕಕ್ಕೆ ಅದೂ ಹಾಳಾದ ಕನ್ನಡದಂತೆಯೇ ಕಂಡಿರಬೇಕು. ಸಿಸೆರೊ ಒತ್ತು, ಕೊಂಬು, ದೀರ್ಘಗಳ ಸಮೇತ ಕನ್ನಡಕ್ಕಿಳಿದ. ನಮ್ಮ ಸಂಘದ ಕವಿಯೊಬ್ಬರು ಅದನ್ನು ಓದಿ, ‘ಭಾಷೆ ಒಡೆದು ಕಟ್ಟಿದ್ದೀರಿ, ಆದರೆ ಇನ್ನೂ ಸ್ವಲ್ಪ ವಾಚ್ಯವಾಯಿತು’ ಎಂದರು.

ಅಧ್ಯಕ್ಷರ ಫೋಟೊವನ್ನು ಅಂದೇ ರಾತ್ರಿ ಸರಿಪಡಿಸಿದ್ದೆ. ನನ್ನಲ್ಲಿ ಅವರು ಹಾರ ಹಾಕಿಕೊಂಡು ನಗುತ್ತಿದ್ದರು. ಅವರ ಮನೆಯ ಕಂಪ್ಯೂಟರಿನಲ್ಲಿ ಮಾತ್ರ ಬೆಳಿಗ್ಗೆಯೂ ‘ಯಾರದೋ ಫೋಟೊ’. ಬ್ರೌಸರ್ ಹಳೆಯ ಪುಟದ ಪ್ರತಿಯನ್ನು ಕ್ಯಾಶೆಯಲ್ಲಿ ಜೋಪಾನ ಮಾಡಿರುತ್ತದೆ, ಬೇಗ ತೋರಿಸಲೆಂದು. ಇದನ್ನು ವಿವರಿಸಿದೆ. ಅವರು ನಂಬಲಿಲ್ಲ, ಇದರಲ್ಲಿ ಉಪಾಧ್ಯಕ್ಷರ ಕೈವಾಡವಿದೆ ಎಂದರು. ಸಂಘ ಒಡೆಯುವುದು ಬೇಡವೆಂದು ನಾನೇ ಹೋಗಿ, ಅಳಿಸುವ ಪಟ್ಟಿಯಲ್ಲಿ ಕಂಡ ಚೌಕಗಳಿಗೆಲ್ಲ ಟಿಕ್ ಹಾಕಿ ಒತ್ತಿದೆ.

ಕ್ಯಾಶೆ ಹೋಯಿತು. ಜೊತೆಗೆ, ಬಂದವರು ಯಾರೆಂದು ಜಾಲತಾಣಗಳು ಗುರುತಿಟ್ಟುಕೊಳ್ಳುವ ಕುಕಿಗಳೂ, ಬ್ರೌಸರ್ ಉಳಿಸಿಟ್ಟಿದ್ದ ಪಾಸ್‌ವರ್ಡುಗಳೂ ಹೋದವು. ಫೋಟೊ ಕಂಡಿತು, ಹಾರದ ಸಮೇತ. ಆದರೆ ಕರೆಂಟ್ ಬಿಲ್ಲಿನಿಂದ ಹಿಡಿದು ಮೊಮ್ಮಗಳ ಶಾಲೆಯವರೆಗೆ ಎಲ್ಲ ಕಡೆಯೂ ಅಧ್ಯಕ್ಷರನ್ನು ‘ನೀವು ಯಾರು?’ ಎಂದೇ ಕೇಳುತ್ತಿದ್ದಾರೆ. ಮಕ್ಕಳ ಹೆಸರು, ಮದುವೆಯ ದಿನ, ಕುಲದೇವರು, ಹಳೆಯ ಸ್ಕೂಟರಿನ ನಂಬರು, ಎಲ್ಲವನ್ನೂ ಹಾಕಿ ನೋಡಿದ್ದೇವೆ. ರೈಲು ಟಿಕೆಟ್ಟಿನ ಖಾತೆ ಇನ್ನೂ ಬಾಗಿಲು ತೆರೆದಿಲ್ಲ. ಶನಿವಾರ ಅವರು ಹುಬ್ಬಳ್ಳಿಯ ಮದುವೆಗೆ ಹೊರಡಬೇಕು. ಉಪಾಧ್ಯಕ್ಷರು ತಮ್ಮ ಕಾರಿನಲ್ಲಿ ಜಾಗವಿದೆ ಎಂದಿದ್ದಾರೆ.