ಪಟೋರಕ್ಕೆ ಕಾಲಂ ಇಲ್ಲ

ಬಂಟ್ವಾಳ ಪೇಟೆಯ ಒಂದು ಅಡಿಕೆ ಅಂಗಡಿಗೆ ನಾನು ಹಿಂದೊಮ್ಮೆ ಫಾಕ್ಸ್‌ಪ್ರೊದಲ್ಲಿ ಬರೆದುಕೊಟ್ಟ ಲೆಕ್ಕದ ಪ್ರೋಗ್ರಾಂ ಇವತ್ತಿಗೂ ಓಡುತ್ತಿದೆ. ನೀಲಿ ಪರದೆ, ಬಿಳಿ ಅಕ್ಷರ. ಮೌಸಿಗೆ ಅಲ್ಲಿ ಕೆಲಸವಿಲ್ಲ. ಗೋಣಿಗಳ ಹಿಂದೆ ಓಡಾಡುವ ಅಸಲಿ ಇಲಿಗಳಿಗೆ ಮಾತ್ರ ಪುರುಸೊತ್ತಿಲ್ಲ. ರೈತ ಗೋಣಿ ಇಳಿಸಿದ ಕೂಡಲೇ ಧನಿಗಳು ಒಂದು ಹಿಡಿ ಅಡಿಕೆಯನ್ನು ಅಂಗೈಗೆ ಹಾಕಿಕೊಳ್ಳುತ್ತಾರೆ, ಒಂದೆರಡನ್ನು ಅಡಕತ್ತರಿಯಲ್ಲಿ ಸೀಳಿ ಒಳಗಿನ ಬಣ್ಣ ನೋಡುತ್ತಾರೆ, ಮೂಸುತ್ತಾರೆ. ಆಮೇಲೆ "ಹೊಸತು, ಡಬಲ್ ಚೋಲ್, ಪಟೋರ, ಉಳ್ಳಿ, ಕರಿಗೋಟು" ಎಂದು ಅಡಿಕೆಯ ದರ್ಜೆಗಳನ್ನು ಮಂತ್ರದ ಹಾಗೆ ಹೇಳುತ್ತಾ ಹೋಗುತ್ತಾರೆ. ಗುಮಾಸ್ತ ಪ್ರತಿಯೊಂದಕ್ಕೂ ಒಂದು ಗುಂಡಿ ಒತ್ತಿ ತೂಕ ಹೊಡೆಯುತ್ತಾನೆ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು ಕರಕರ ಎಂದು ಚೀಟಿ ಉಗುಳುತ್ತದೆ. ಅಷ್ಟೇ ವ್ಯವಹಾರ.

ಆ ಅಂಗಡಿಗೆ ಈಚೆಗೆ ಇಸ್ತ್ರಿ ಅಂಗಿ ತೊಟ್ಟ ಒಬ್ಬ ಹುಡುಗ ಬಂದಿದ್ದ. ಕೈಯಲ್ಲಿ ಟ್ಯಾಬು, ಟ್ಯಾಬಿನಲ್ಲಿ ಯಾವುದೋ ಕಂಪನಿಯ ಕ್ಲೌಡ್ ತಂತ್ರಾಂಶ. ಬಣ್ಣಬಣ್ಣದ ನಕ್ಷೆ, ದುಂಡಗಿನ ಚಾರ್ಟು, ಧನಿಗಳ ಫೋಟೊ ಹಾಕಲು ಒಂದು ವೃತ್ತ. ತಿಂಗಳಿಗೆ ತಲೆಗೆ ಇಂತಿಷ್ಟು ಬಾಡಿಗೆ. ಧನಿಗಳು ಎಲ್ಲವನ್ನೂ ತಾಳ್ಮೆಯಿಂದ ನೋಡಿ, "ಪಟೋರ ಎಲ್ಲಿ ಬರೆಯುವುದು?" ಎಂದು ಕೇಳಿದರು. ಹುಡುಗ ಪರದೆಯನ್ನು ಮೇಲಕ್ಕೂ ಕೆಳಕ್ಕೂ ಸರಿಸಿ ನೋಡಿದ. ಪಟೋರಕ್ಕೆ ಕಾಲಂ ಇರಲಿಲ್ಲ.

"ಅದು ರೋಡ್‌ಮ್ಯಾಪಲ್ಲಿ ಉಂಟು ಸರ್," ಎಂದ.

"ರೋಡಿನ ಮ್ಯಾಪು ಕಲ್ಲಡ್ಕದಲ್ಲಿ ನಾವೂ ವರ್ಷಗಟ್ಟಲೆ ನೋಡಿದ್ದೇವೆ ಮಾರಾಯ. ನೀನು ಚಾ ಕುಡಿ," ಎಂದರು ಧನಿಗಳು.

ಬಿ.ಸಿ. ರೋಡಿನಿಂದ ಅಡ್ಡಹೊಳೆಯವರೆಗಿನ ಚತುಷ್ಪಥದ ಧೂಳು ಕುಡಿದವರಿಗೆ ಈ ಉತ್ತರದ ತೂಕ ಗೊತ್ತಾಗುತ್ತದೆ.

ನನ್ನ ಅಕ್ಕನ ಮಗ ಬೆಳ್ತಂಗಡಿಯ ಕಡೆಯವನು. ಮೂಡುಬಿದಿರೆಯಲ್ಲಿ ಇಂಜಿನಿಯರಿಂಗ್ ಓದಿದ. ನಮ್ಮಲ್ಲಿ ಈಗ ಮಿಜಾರಿನಿಂದ ತೋಡಾರಿನವರೆಗೆ ಬಸ್ಸಿನ ಕಿಟಕಿಯಲ್ಲಿ ಕೂತವನಿಗೆ ಗೇರುಗುಡ್ಡೆಗಿಂತ ಇಂಜಿನಿಯರಿಂಗ್ ಕಾಲೇಜಿನ ಬೋರ್ಡುಗಳೇ ಬೇಗ ಕಾಣುತ್ತವೆ. ಹುಡುಗ ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತಾನೆ. ಬೆಳಿಗ್ಗೆ ಅವರದ್ದೊಂದು ಸಭೆ. ಅದಕ್ಕೆ 'ಸ್ಟ್ಯಾಂಡಪ್' ಎಂದು ಹೆಸರು, ಎಲ್ಲರೂ ಕೂತೇ ಇರುತ್ತಾರೆ. ಮಳೆಗಾಲದಲ್ಲಿ ಕರೆಂಟು ಹೋದರೆ ಇವನು ಮೊಬೈಲು ಹಿಡಿದು ಗುಡ್ಡೆ ಹತ್ತುವುದರಿಂದ ಇಡೀ ತಂಡದಲ್ಲಿ ನಿಜವಾಗಿ ನಿಂತು ಮಾತಾಡುವವನು ಇವನೊಬ್ಬನೇ. ಒಂದು ದಿನ ಜಗಲಿಯಲ್ಲಿ ಕೂತು ಕೇಳಿಸಿಕೊಂಡೆ. ಒಂದು ಕೆಲಸಕ್ಕೆ "ಐದು" ಎಂದ.

"ಐದು ದಿನವಾ?"

"ಅಲ್ಲ ಮಾವ, ಐದು ಪಾಯಿಂಟ್."

"ಒಂದು ಪಾಯಿಂಟಿಗೆ ಎಷ್ಟು ದಿನ?"

"ಹಾಗೆ ಕೇಳ್ಲಿಕ್ಕಿಲ್ಲ."

ಅವರ ಲೆಕ್ಕದಲ್ಲಿ ಒಂದು, ಎರಡು, ಮೂರು, ಐದು, ಎಂಟು, ಹದಿಮೂರು ಮಾತ್ರ ಉಂಟು. ನಾಲ್ಕು ಪಾಯಿಂಟಿನ ಕೆಲಸ ಲೋಕದಲ್ಲಿಯೇ ಇಲ್ಲ. ಇದು ಫಿಬೊನಾಚಿಯ ಸರಣಿಯಂತೆ. ಇಟಲಿಯ ಫಿಬೊನಾಚಿ ಇದನ್ನು ಬರೆದದ್ದು 1202ರಲ್ಲಿ. ಅದಕ್ಕೂ ಸುಮಾರು ಅರ್ಧ ಶತಮಾನ ಮೊದಲೇ ಗುಜರಾತಿನ ಜೈನ ವಿದ್ವಾಂಸ ಹೇಮಚಂದ್ರ ಛಂದಸ್ಸಿನ ಲಘು-ಗುರುಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದು ಎಂದು ಲೆಕ್ಕ ಹಾಕುತ್ತಾ ಇದೇ ಸಂಖ್ಯೆಗಳನ್ನು ಹೇಳಿದ್ದ. ಜೈನಕಾಶಿ ಎನಿಸಿದ ಮೂಡುಬಿದಿರೆಯಲ್ಲಿ ನಾಲ್ಕು ವರ್ಷ ಓದಿ ಬಂದವನಿಗೆ ಇದನ್ನು ಹೇಳಿದೆ. "ಹೌದಾ?" ಎಂದು ಮತ್ತೆ ಪಾಯಿಂಟು ಎಣಿಸತೊಡಗಿದ.

ಸ್ಟ್ಯಾಂಡಪ್ಪು, ಪಾಯಿಂಟುಗಳ ಈ ಪದ್ಧತಿಯ ಮೂಲಪುರುಷರ ಬಗ್ಗೆ ನನಗೆ ದೂರಿಲ್ಲ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾದಲ್ಲಿ, ಸ್ನೋಬರ್ಡ್ ಎಂಬ ಹಿಮದ ತಾಣದಲ್ಲಿ 17 ಮಂದಿ ಸೇರಿ ಒಂದು ಪುಟದೊಳಗೆ ಮುಗಿಯುವ 'ಅಜೈಲ್' ಪ್ರಣಾಳಿಕೆ ಬರೆದರು. ರಾಶಿ ಕಡತಕ್ಕಿಂತ ನಡೆಯುವ ತಂತ್ರಾಂಶ ಲೇಸು, ಕರಾರುಪತ್ರಕ್ಕಿಂತ ಗಿರಾಕಿಯೊಂದಿಗಿನ ಮಾತುಕತೆ ಲೇಸು ಎಂಬುದು ಅದರ ಸಾರ. ನಮ್ಮ ಧನಿಗಳೂ ಕಣ್ಣು ಮುಚ್ಚಿ ಸಹಿ ಹಾಕುವಂಥದ್ದು. ಆದರೆ ಒಂದು ಪುಟ ಮಾರಿ ಯಾರಿಗೂ ಹೊಟ್ಟೆ ತುಂಬುವುದಿಲ್ಲವಲ್ಲ! ಆದ್ದರಿಂದ ತರಬೇತಿ ಬಂತು, ಪರೀಕ್ಷೆ ಬಂತು, ಸರ್ಟಿಫಿಕೇಟು ಬಂತು, ಅದನ್ನು ನವೀಕರಿಸುವ ಶುಲ್ಕವೂ ಬಂತು. ಸಹಿ ಹಾಕಿದ 17 ಮಂದಿಯಲ್ಲಿ ಒಬ್ಬರಾದ ಡೇವ್ ಥಾಮಸ್ ಅವರೇ 2014ರಲ್ಲಿ ಅಜೈಲ್ ಸತ್ತಿತು ಎಂದು ಬರೆದರು. ಬೊಜ್ಜ ಮಾತ್ರ ಇನ್ನೂ ಆಗಿಲ್ಲ. ದಿನಾ ಬೆಳಿಗ್ಗೆ ಸಭೆ ನಡೆಯುತ್ತಿದೆ.

ನನ್ನ ಪ್ರೋಗ್ರಾಮಿನ ಮೇಲೆ ಅಳಿಯನಿಗೆ ಇನ್ನೊಂದು ಆಕ್ಷೇಪ. "ಮಾವ, ಅದು ಮಾನೊಲಿತ್. ಒಂದೇ ಬಂಡೆ. ಒಡೆದು ಸಣ್ಣಸಣ್ಣ ಸರ್ವಿಸ್ ಮಾಡ್ಬೇಕು." ಬೆಳ್ತಂಗಡಿ ತಾಲೂಕಿನಲ್ಲಿ ಹುಟ್ಟಿ ಏಕಶಿಲೆಯನ್ನು ಹಳಿಯುವುದೆಂದರೆ! ವೇಣೂರಿನಲ್ಲಿ ಫಲ್ಗುಣಿ ದಂಡೆಯ 35 ಅಡಿಯ ಗೊಮ್ಮಟ 1604ರಿಂದ ಮಳೆ ಬಿಸಿಲಿಗೆ ನಿಂತಿದ್ದಾನೆ. ಹನ್ನೆರಡು ವರ್ಷಕ್ಕೊಮ್ಮೆ ಮಸ್ತಕಾಭಿಷೇಕ, 2024ರಲ್ಲಿ ಆಯಿತು. ಮೇಂಟೆನೆನ್ಸ್ ಅಂದರೆ ಅದು. ತಮಾಷೆ ಇರಲಿ. ಕೋಟಿಗಟ್ಟಲೆ ಗಿರಾಕಿಗಳಿರುವ ಕಂಪನಿಗೆ, ನೂರಾರು ತಂಡಗಳು ಒಟ್ಟಿಗೆ ಕೆಲಸ ಮಾಡುವಲ್ಲಿಗೆ ಒಡೆದು ಕಟ್ಟುವುದು ಬೇಕಾದೀತು. ಆದರೆ ಆ ಕಂಪನಿಯ ಅಂಗಿಯನ್ನು ಎರಡು ತಕ್ಕಡಿಯ ಅಡಿಕೆ ಅಂಗಡಿಗೆ ತೊಡಿಸುವುದು ಯಾಕೆ? 2023ರಲ್ಲಿ ಅಮೆಜಾನಿನ ಪ್ರೈಮ್ ವಿಡಿಯೊ ತಂಡವೇ ದೃಶ್ಯದ ಗುಣಮಟ್ಟ ನೋಡುವ ತನ್ನದೊಂದು ವ್ಯವಸ್ಥೆಯನ್ನು ತುಂಡುಗಳಿಂದ ಮತ್ತೆ ಒಂದೇ ಬಂಡೆಗೆ ತಂದಿತು. ಅದರ ಖರ್ಚು ಶೇಕಡಾ 90ರಷ್ಟು ಇಳಿಯಿತೆಂದು ತಾನೇ ಬರೆದುಕೊಂಡಿತು. ತುಂಡು ಹೆಚ್ಚಾದಷ್ಟೂ ಕ್ಲೌಡಿನ ಬಾಡಿಗೆ ಹೆಚ್ಚುತ್ತದೆ. ಬಾಡಿಗೆ ವಸೂಲು ಮಾಡುವವರಲ್ಲಿ ಅಮೆಜಾನೇ ದೊಡ್ಡದು. ಒಡೆಯಿರಿ ಎಂಬ ಉಪದೇಶ ಯಾವ ದಿಕ್ಕಿನಿಂದ ಹೆಚ್ಚು ಕೇಳಿಬರುತ್ತದೆ ಎಂದು ಬಲ್ಲವರು ಗಮನಿಸಬಹುದು.

ಈಗಿನ ಹೊಸ ಹುಚ್ಚು, ಪ್ರೋಗ್ರಾಮನ್ನೇ ಬರೆಯದೆ ಎಐ ಯಂತ್ರಕ್ಕೆ ಬಾಯಲ್ಲಿ ಹೇಳಿ ಬರೆಸುವುದು. ಅಳಿಯ ಅದನ್ನೂ ಮಾಡಿ ತೋರಿಸಿದ. ಒಂದು ಚಾ ಮುಗಿಯುವುದರೊಳಗೆ ಅಡಿಕೆ ಅಂಗಡಿಯ ಚಂದದ ಪ್ರೋಗ್ರಾಂ ಬಂತು, ನಾನು ಮೆಚ್ಚಿದೆ. ಪಟೋರದ ಕಡೆ ನೋಡಿದರೆ ಅದನ್ನು ಗುಜರಾತಿನ ಪಟೋಲ ಎಂದುಕೊಂಡು ರೇಷ್ಮೆ ಸೀರೆಗಳ ವಿಭಾಗಕ್ಕೆ ಹಾಕಿತ್ತು.

ಫ್ಯಾಷನ್ನಿನ ಮೇಲೆ ನಮ್ಮ ಸೀಮೆಯವರಿಗೆ ಇರುವ ಅನುಮಾನ ಹಳ್ಳಿಗರ ಮೊಂಡುತನವಲ್ಲ, ಅದಕ್ಕೆ ಚರಿತ್ರೆ ಉಂಟು. 1970ರ ದಶಕದಲ್ಲಿ ಅಡಿಕೆ ತೋಟದ ನಡುವೆ ಕೊಕ್ಕೋ ನೆಡಿ, ನಾವು ಕೊಳ್ಳುತ್ತೇವೆ ಎಂಬ ಮಾತು ಕೇಳಿ ನೆಟ್ಟವರು ಎಷ್ಟೋ ಮಂದಿ. 1979-80ರಲ್ಲಿ ಹೊರದೇಶದ ಪೇಟೆಯಲ್ಲಿ ದರ ಬಿದ್ದದ್ದೇ ತಡ, ಕೊಳ್ಳುತ್ತಿದ್ದ ದೊಡ್ಡ ಕಂಪನಿ ಹಿಂದೆ ಸರಿಯಿತು. ಹಣ್ಣು ಮರದಲ್ಲೇ ಉಳಿಯಿತು. ಆಗ ಕೈಹಿಡಿದದ್ದು 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ ಅಡಿಕೆಗಾಗಿ ಹುಟ್ಟಿದ್ದ ಕ್ಯಾಂಪ್ಕೊ. ಕೊಕ್ಕೋ ಖರೀದಿಗೂ ಇಳಿಯಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಆ ಕತೆ ಮುಗಿದು ಕೆಲವು ವರ್ಷಕ್ಕೆ ವೆನಿಲ್ಲಾ ಬಂತು. ಮಡಗಾಸ್ಕರಿನಲ್ಲಿ ಚಂಡಮಾರುತ ಬೀಸಿದರೆ ಬಂಟ್ವಾಳದಲ್ಲಿ ಬಳ್ಳಿ ಚಿಗುರಿತು. ಬೆಳಿಗ್ಗೆ ಎದ್ದು ಒಂದೊಂದು ಹೂವಿಗೂ ಕಡ್ಡಿಯಿಂದ ಪರಾಗಸ್ಪರ್ಶ ಮಾಡಿಸಿದರು, ರಾತ್ರಿ ಟಾರ್ಚು ಹಿಡಿದು ಕೋಡು ಕಾದರು. ದರ ಬಿದ್ದ ಮೇಲೆ ಕಳ್ಳರೂ ಆ ಕಡೆ ಸುಳಿಯಲಿಲ್ಲ. ಇಂಥವರಿಗೆ "ಎಲ್ಲರೂ ಇದಕ್ಕೇ ಬದಲಾಗುತ್ತಿದ್ದಾರೆ ಸರ್" ಎಂದು ಯಾರಾದರೂ ಹೇಳಿದರೆ ಕಿವಿ ನೆಟ್ಟಗಾಗುವುದು ಸಹಜ.

ಹಾಗೆಂದು ನನ್ನ ಫಾಕ್ಸ್‌ಪ್ರೊ ಏನೂ ಋಷಿಮುನಿಗಳು ಕೊಟ್ಟದ್ದಲ್ಲ. 1992ರಲ್ಲಿ ಮೈಕ್ರೊಸಾಫ್ಟ್ ಅದನ್ನು ಕೊಂಡಿತು, 2007ರಲ್ಲಿ ಇನ್ನು ಹೊಸ ಆವೃತ್ತಿ ಇಲ್ಲ ಎಂದಿತು, 2015ರಲ್ಲಿ ಪೂರ್ತಿ ಕೈಬಿಟ್ಟಿತು. ಆದರೂ ಅಂಗಡಿ ಮುಳುಗದ್ದಕ್ಕೆ ಒಂದೇ ಕಾರಣ: ಅದರ ಡಿಬಿಎಫ್ ಕಡತದ ರಚನೆ ಲೋಕಕ್ಕೆಲ್ಲ ಗೊತ್ತು. ಇವತ್ತು ಬಿಟ್ಟಿ ಸಿಗುವ ಲಿಬ್ರೆ ಆಫೀಸಿನಲ್ಲಿ ತೆರೆದರೂ ಧನಿಗಳ ಹಳೆಯ ಲೆಕ್ಕ ಸಾಲುಸಾಲಾಗಿ ತೆರೆದುಕೊಳ್ಳುತ್ತದೆ. ಅದನ್ನು ಒಂದು ಪೆನ್‌ಡ್ರೈವಿಗೆ ಹಾಕಿ ಮಾಳಿಗೆಯ ಕಪಾಟಿನಲ್ಲಿಡುತ್ತಾರೆ. 1923ರಲ್ಲೂ 1974ರಲ್ಲೂ ನೇತ್ರಾವತಿ ಪೇಟೆಯೊಳಗೆ ನುಗ್ಗಿದ್ದನ್ನು ಕೇಳಿ ಬೆಳೆದ ಮನೆಯವರು. ಬ್ಯಾಕಪ್ ಮೇಲಿರಬೇಕು ಎಂದು ಅವರಿಗೆ ಯಾವ ಸಲಹೆಗಾರನೂ ಹೇಳಬೇಕಾಗಿಲ್ಲ.

ಪ್ರತಿಯ ಮಾತು ಬಂದಾಗ ಮೂಡುಬಿದಿರೆಯ ಧವಲದ ಕತೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಒಂಬತ್ತನೆಯ ಶತಮಾನದಲ್ಲಿ ವೀರಸೇನಾಚಾರ್ಯರು ಷಟ್ಖಂಡಾಗಮಕ್ಕೆ ಬರೆದ ಆ ಮಹಾಟೀಕೆ, ಹಳೆಯ ಕನ್ನಡ ಲಿಪಿಯ ತಾಳೆಗರಿಗಳಲ್ಲಿ, ಅಲ್ಲಿನ ಸಿದ್ಧಾಂತ ಬಸದಿಯಲ್ಲಿ ಮಾತ್ರ ಉಳಿದಿತ್ತು. ಯಾತ್ರಿಕರಿಗೆ ದರ್ಶನ ಸಿಗುತ್ತಿತ್ತು, ಓದಲು ಸಿಗುತ್ತಿರಲಿಲ್ಲ. ಕೊನೆಗೆ ನಕಲು ತೆಗೆಯಲು ಒಪ್ಪಿಗೆಯಾಗಿ 1896ರಲ್ಲಿ ಕೆಲಸ ಶುರುವಾಯಿತು, 1922ರ ತನಕ ನಡೆಯಿತು. ಕರಾರು, ನಕಲು ಊರು ಬಿಟ್ಟು ಹೋಗಬಾರದು ಎಂದು. ಲಿಪಿಕಾರರಲ್ಲಿ ಒಬ್ಬರಾದ ಗಜಪತಿ ಉಪಾಧ್ಯಾಯರು ಹೆಂಡತಿಯ ನೆರವಿನಿಂದ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿ ಮಾಡಿಕೊಂಡರು. ಅದು ಉತ್ತರದ ಸಹಾರನಪುರಕ್ಕೆ ಹೋಯಿತು. ಅಲ್ಲಿ ಅದನ್ನು ನಾಗರಿಗೆ ಇಳಿಸಿದವರೂ ತಮಗೊಂದು ಪ್ರತಿ ಗುಟ್ಟಾಗಿಯೇ ಇಟ್ಟುಕೊಂಡರು. ಹೀಗೆ ಕದ್ದ ನಕಲಿನ ಕದ್ದ ನಕಲುಗಳಿಂದ 1939ರಲ್ಲಿ ಹೀರಾಲಾಲ್ ಜೈನರು ಮೊದಲ ಸಂಪುಟ ಅಚ್ಚು ಹಾಕಿಸಿದರು. ಆಮೇಲೆ ಮೂಡುಬಿದಿರೆಯವರೇ ಮನಸ್ಸು ಮಾಡಿ ಮೂಲ ಓಲೆಗಳೊಂದಿಗೆ ತಾಳೆ ನೋಡಲು ಒಪ್ಪಿದರು.

ಬಸದಿಯವರು ಶತಮಾನಗಟ್ಟಲೆ ಗೆದ್ದಲಿನಿಂದ ಕಾಯದಿದ್ದರೆ ಕದಿಯಲೂ ಏನೂ ಇರುತ್ತಿರಲಿಲ್ಲ. ಅವರನ್ನು ತಂತ್ರಾಂಶ ಕಂಪನಿಯ ಸಾಲಿನಲ್ಲಿ ನಿಲ್ಲಿಸಿದರೆ ಪಾಪ ಬಂದೀತು. ಅವರು ಕಾದದ್ದು ಭಕ್ತಿಯಿಂದ. ಕಂಪನಿಗಳು ಕಾಯುವುದು ನಮ್ಮದೇ ಲೆಕ್ಕವನ್ನು, ನಮ್ಮಿಂದಲೇ, ಅದೂ ನಮ್ಮಲ್ಲಿ ಬಾಡಿಗೆ ಪಡೆದು.

ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ಗುರುಪುರ ಕೈಕಂಬ ಸಿಗುತ್ತದಲ್ಲ, ಅದರ ಹತ್ತಿರದ ಕಿನ್ನಿಕಂಬಳದವರು ಕೆ.ಪಿ. ರಾವ್. ಇಂಗ್ಲಿಷ್ ಕೀಲಿಮಣೆಯಲ್ಲೇ ಕನ್ನಡ ಕೂರಿಸಿದವರು. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ, ಒತ್ತಕ್ಷರ ಬೇಕಾದರೆ ನಡುವೆ ಎಫ್. ಈ ವಿನ್ಯಾಸಕ್ಕೆ ಅವರು ಬೇಲಿ ಹಾಕಲಿಲ್ಲ, ಬಾಡಿಗೆ ಕೇಳಲಿಲ್ಲ. ಅದನ್ನೇ ಆಧರಿಸಿ ಸರಕಾರ ಕನ್ನಡ ಕೀಲಿಮಣೆಯನ್ನು ಗೊತ್ತುಮಾಡಿತು, ನುಡಿ ತಂತ್ರಾಂಶ ಅದರ ಮೇಲೆ ನಿಂತಿತು. ಎಷ್ಟೋ ಫ್ಯಾಷನ್ನುಗಳು ಬಂದು ಹೋದವು, ನಾನು ಈಗಲೂ 'ಅಕ್ಕ' ಎಂದು ಬರೆಯಲು ನಡುವೆ ಎಫ್ ಒತ್ತುತ್ತೇನೆ.

ದೊಡ್ಡದು ಎಂದರೆ ಭದ್ರ ಎಂದು ನಂಬುವವರಿಗೆ 2024ರ ಜುಲೈ ತಿಂಗಳೊಂದು ಸಾಕು. 19ನೇ ತಾರೀಕು ಕ್ರೌಡ್‌ಸ್ಟ್ರೈಕ್ ಎಂಬ ಒಂದೇ ಕಂಪನಿಯ ಒಂದು ತಪ್ಪು ಅಪ್‌ಡೇಟಿನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ಕಂಪ್ಯೂಟರುಗಳು ಮಲಗಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ತಿಂಗಳ ಕೊನೆಗೆ ಸಿ-ಎಡ್ಜ್ ಎಂಬ ಸಂಸ್ಥೆಯ ಗಣಕಗಳಿಗೆ ಸುಲಿಗೆಕೋರರು ನುಗ್ಗಿದ್ದರಿಂದ, ಅದನ್ನೇ ನೆಚ್ಚಿಕೊಂಡಿದ್ದ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಯುಪಿಐ ವ್ಯವಹಾರವನ್ನು ತಾತ್ಕಾಲಿಕವಾಗಿ ಕಡಿಯಬೇಕಾಯಿತು.

ನಮ್ಮ ಕೃಷಿ ಪತ್ತಿನ ಸೊಸೈಟಿಗಳಿಗೂ ಈಗ ಒಂದೇ ತಂತ್ರಾಂಶದ ಕಾಲ. 63,000 ಸೊಸೈಟಿಗಳನ್ನು ಗಣಕೀಕರಿಸಲು 2022ರ ಜೂನಿನಲ್ಲಿ ಕೇಂದ್ರ ಸರಕಾರ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಒಳ್ಳೆಯದೇ ಆಗಬಹುದು, ನಾನು ಅಪಶಕುನ ನುಡಿಯುವವನಲ್ಲ. ಅದರ ಬೆನ್ನಿಗೇ ಇಸ್ತ್ರಿ ಅಂಗಿಯ ಹುಡುಗರು ಬಗೆಬಗೆಯ ಸೌಕರ್ಯ ಮಾರಲು ಬಂದೇ ಬರುತ್ತಾರೆ. ಸೆಪ್ಟೆಂಬರಿನಲ್ಲಿ ನಿಮ್ಮ ಸೊಸೈಟಿಯ ಮಹಾಸಭೆಯಲ್ಲಿ ಹೊಸ ತಂತ್ರಾಂಶದ ಠರಾವು ಬಂದರೆ ಎದ್ದು ನಿಂತು ಕೇಳಿ: ನಾಳೆ ನಿಮ್ಮನ್ನು ಬಿಡುವುದಾದರೆ ನಮ್ಮ ಲೆಕ್ಕ ನಮಗೆ ಯಾವ ರೂಪದಲ್ಲಿ, ಎಷ್ಟು ದಿನದಲ್ಲಿ ಸಿಗುತ್ತದೆ? ಉತ್ತರ ಪಾಯಿಂಟಿನಲ್ಲಿ ಬೇಡ, ದಿನದಲ್ಲೇ ಬೇಕೆನ್ನಿ. ಅದು ನಡವಳಿ ಪುಸ್ತಕದಲ್ಲಿ ದಾಖಲಾದ ಮೇಲೆಯೇ ಗೋಳಿಬಜೆಗೆ ಕೈ ಹಾಕಿ.