ಕಟ್ಟು ಹಾಕಲು ಬಂದ ಗೋಡೆ

(ಬೆಂಗಳೂರು ಪೇಟೆಯಲ್ಲಿ ದೇವರ ಪಟಗಳಿಗೆ ಕಟ್ಟು ಹಾಕುವ ಅಂಗಡಿ. ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಒಂದು ಸುರುಳಿ ಬಿಚ್ಚುತ್ತಾರೆ.)

ಶಿವಣ್ಣ: ಅಯ್ಯೋ, ಬ್ಲ್ಯಾಕ್ ಅಂಡ್ ವೈಟು! ಯಾರು ತೀರ್ಕೊಂಡ್ರು ಮೇಷ್ಟ್ರೇ?

ಮೇಷ್ಟ್ರು: ಥೂ, ಬಿಡ್ತು ಅನ್ನು! ನ್ಯೂಯಾರ್ಕಿಂದ ಮಗಳು ಕಳ್ಸಿದಾಳೆ. ಪಾಲ್ ಸ್ಟ್ರಾಂಡ್ ಅಂತ, 1915ರಲ್ಲಿ ತೆಗೆದ ‘ವಾಲ್ ಸ್ಟ್ರೀಟ್’.

ಶಿವಣ್ಣ: ಹಾಗಾದ್ರೆ ಹಾರಕ್ಕೆ ಮೊಳೆ ಬೇಡ. ಕಲರ್ ಹಾಕಿಸ್ಲಾ? ಪಕ್ಕದಂಗಡಿ ಹುಡುಗ ಕಂಪ್ಯೂಟರಲ್ಲಿ ಎರಡೇ ನಿಮಿಷಕ್ಕೆ...

ಮೇಷ್ಟ್ರು: ಮುಟ್ಟಿದ್ರೆ ನೋಡು! ಆಗೆಲ್ಲ ಫೋಟೋ ಪೇಂಟಿಂಗ್ ಥರ ಮಸುಕಾಗಿದ್ರೇನೇ ಕಲೆ ಅಂತಿದ್ರು. ಇವನು ಗೋಡೆ, ಬಿಸಿಲು, ನೆರಳು, ಇಷ್ಟೇ ಇಟ್ಕೊಂಡು ತೆಗೆದ.

ಶಿವಣ್ಣ: ಮಸುಕಾಗಿದ್ರೆ ಕಲೆನಾ? ನಮ್ಮಳಿಯ ಮದುವೇಲಿ ಹಾಗೇ ತೆಗೆದ, ಬೀಗರು ದುಡ್ಡೇ ಕೊಡ್ಲಿಲ್ಲ. ಅದಿರ್ಲಿ, ಈ ಕರೀ ಗೂಡುಗಳು ಏನು? ಗೋಡೌನಾ?

ಮೇಷ್ಟ್ರು: ಕಿಟಕಿ ಕಣಪ್ಪ. ಜೆ. ಪಿ. ಮಾರ್ಗನ್ ಬ್ಯಾಂಕಿನ ಕಟ್ಟಡ. ಹಿಂದಿನ ವರ್ಷ ತಾನೇ ಕಟ್ಟಿ ಮುಗಿಸಿದ್ರು.

ಶಿವಣ್ಣ: ಬ್ಯಾಂಕಾ? ಬೋರ್ಡೇ ಇಲ್ವಲ್ಲ!

ಮೇಷ್ಟ್ರು: ಹಾಕ್ಲೇ ಇಲ್ಲ. ಎಲ್ಲರಿಗೂ ಗೊತ್ತು, ಹೆಸರು ಯಾಕೆ ಅನ್ನೋ ಠೀವಿ.

ಶಿವಣ್ಣ: ಅಬ್ಬಬ್ಬಾ! ನಾನು ಬೋರ್ಡು ಹಾಕಿದ್ರೂ ಜನ ಪಕ್ಕದಂಗಡೀಗೆ ಹೋಗ್ತಾರೆ. ಸರಿ, ಕೆಳಗೆ ಇರುವೆ ಥರ ಇದಾರಲ್ಲ, ಇವರನ್ನ ಮೌಂಟಲ್ಲಿ ಮುಚ್ಚಿಬಿಡ್ತೀನಿ. ಕಟ್ಟಡ ನೀಟಾಗಿ ಕಾಣುತ್ತೆ.

(ರಟ್ಟಿನ ಪಟ್ಟಿ ಅಡ್ಡ ಇಡುತ್ತಾನೆ. ತೆಗೆಯುತ್ತಾನೆ. ಮತ್ತೆ ಇಡುತ್ತಾನೆ.)

ಶಿವಣ್ಣ: ಇದೇನ್ ಸಾರ್, ಜನ ಹೋದ್ರೆ ಗೋಡೆ ಇಷ್ಟೇ ಇಷ್ಟಾಗೋಯ್ತು!

ಮೇಷ್ಟ್ರು: ಹ್ಞಾಂ! ಮೂವತ್ತು ವರ್ಷ ಹುಡುಗರಿಗೆ ಇದನ್ನೇ ಬಡ್ಕೊಂಡೆ, ಒಬ್ಬನಿಗೂ ಹತ್ತಲಿಲ್ಲ.

ಶಿವಣ್ಣ: ಪಾಪ, ಇವರೆಲ್ಲ ಸಾಲ ಸಿಗದೆ ವಾಪಸ್ ಹೋಗ್ತಿರೋರು.

ಮೇಷ್ಟ್ರು: ಬೆಳಗ್ಗೆ ಕೆಲಸಕ್ಕೆ ಹೋಗ್ತಿರೋರಯ್ಯ! ನೆರಳು ಎಷ್ಟುದ್ದ ಇದೆ ನೋಡು, ಎಳೆ ಬಿಸಿಲು.

ಶಿವಣ್ಣ: ತಲೆ ಬಗ್ಗಿಸಿದಾರಲ್ಲ ಸಾರ್. ಸೊಸೈಟಿ ಬ್ಯಾಂಕಿಂದ ನಾನು ಬಂದಿದ್ದು ಹೀಗೇ.

ಮೇಷ್ಟ್ರು: ನೀನು ಕಟ್ಟು ಹಾಕ್ತೀಯೋ, ವಿಮರ್ಶೆ ಬರೀತೀಯೋ?

ಶಿವಣ್ಣ: ಕರೀ ಫ್ರೇಮೇ ಹಾಕ್ತೀನಿ, ಮೌಂಟು ಬೇಡ. ಒಂದಂತೂ ಖಾತ್ರಿ ಮೇಷ್ಟ್ರೇ, ಈ ಸ್ಟ್ರಾಂಡು ಬ್ಯಾಂಕಿನೋರ ಹತ್ರ ಕಾಸು ಇಸ್ಕೊಂಡಿಲ್ಲ. ಇಸ್ಕೊಂಡಿದ್ರೆ ಒಂದು ಕಿಟಕೀಲಾದ್ರೂ ದೀಪ ಹಚ್ಚಿಸ್ತಿದ್ದ. ಅಡ್ವಾನ್ಸು ಇನ್ನೂರು ಕೊಡಿ.