ಸ್ವಯಂನವೀಕರಣ ಮೀಮಾಂಸೆ

ಶಾಸ್ತ್ರಗ್ರಂಥ ಬರೆಯಹೊರಟವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧ ಚತುಷ್ಟಯವನ್ನು ಮೊದಲೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟುಪಾಡು. ಈ ಗ್ರಂಥದ ವಿಷಯ, ಹವ್ಯಾಸ ಪತ್ರಿಕೆಗಳ ಚಂದಾ ತಾನೇ ತಾನಾಗಿ ನವೀಕರಣಗೊಳ್ಳುವ ಬಗೆ. ಪ್ರಯೋಜನ ಏನೂ ಇಲ್ಲ. ಹೋದ ದುಡ್ಡು ಹೋಯಿತು. ಸಂಬಂಧವೆಂದರೆ ಪತ್ರಿಕೆಗೂ ಚಂದಾದಾರನ ಬ್ಯಾಂಕ್ ಖಾತೆಗೂ ನಡುವೆ ಇರುವಂಥದು, ಚಂದಾದಾರನಿಗೆ ಮಾತ್ರ ಗೊತ್ತಿಲ್ಲದ್ದು. ಇನ್ನು ಅಧಿಕಾರಿ. ಬಾಲ್ಯದ ಒಂದು ಆಸೆ ಮತ್ತು ನಡುವಯಸ್ಸಿನ ಒಂದು ಕ್ರೆಡಿಟ್ ಕಾರ್ಡು, ಇವೆರಡೂ ಯಾವನಲ್ಲಿ ಒಟ್ಟಿಗೆ ನೆಲೆಸಿವೆಯೋ ಅವನೇ ಇದನ್ನು ಓದಲು ಅರ್ಹ.

ಉದಾಹರಣೆಗೆ ದೇವದತ್ತ. ತರ್ಕ, ಮೀಮಾಂಸೆಗಳವರು ಶತಮಾನಗಳಿಂದ ಏನು ಹೇಳಬೇಕಾದರೂ ಈತನನ್ನೇ ಕರೆಯುತ್ತ ಬಂದಿದ್ದಾರೆ. ಸಂಭಾವನೆ ಕೊಟ್ಟ ದಾಖಲೆ ಎಲ್ಲೂ ಇಲ್ಲ. ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲವೆಂದರೆ ರಾತ್ರಿ ಉಣ್ಣುತ್ತಾನೆಂದು ತಿಳಿಯಬೇಕು. ಇದು ಅರ್ಥಾಪತ್ತಿ ಎಂಬ ಪ್ರಮಾಣ. ನಮ್ಮ ಕಾಲದ ದೇವದತ್ತ ಮೈಸೂರಿನಲ್ಲಿದ್ದಾನೆ, ಸಣಕಲ. ಹಗಲು ಏನನ್ನೂ ಕೊಳ್ಳುವುದಿಲ್ಲ, ಆದರೂ ಖಾತೆ ಸೊರಗುತ್ತಿದೆ. ಆದ್ದರಿಂದ ರಾತ್ರಿ ಇನ್ನಾರೋ ಉಣ್ಣುತ್ತಿದ್ದಾರೆ.

ಆತನ ಹವ್ಯಾಸ ಮಾದರಿ ರೈಲು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ ಘಾಟಿ ಮಾರ್ಗವನ್ನು, ಅದರ 57 ಸುರಂಗಗಳ ಸಮೇತ, ಮನೆಯ ಹಿಂದಿನ ಕೋಣೆಯಲ್ಲಿ ಕಟ್ಟಬೇಕೆಂದು ಹೊರಟ. ಮಾದರಿ ರೈಲಿನವರು ಎಚ್‌ಒ ಎನ್ನುವ ಅಳತೆ 1:87. ಘಾಟಿಯ ಉದ್ದ ಸುಮಾರು 55 ಕಿಲೋಮೀಟರ್. ಭಾಗಿಸಿದರೆ 632 ಮೀಟರ್ ಬರುತ್ತದೆ. ಕೋಣೆ ಹತ್ತಡಿಗೆ ಹನ್ನೆರಡಡಿ, ಅದರಲ್ಲೂ ಒಂದು ಮೂಲೆಯಲ್ಲಿ ಅಕ್ಕಿಮೂಟೆ. ಈ ಭಾಗಾಕಾರ ಮುಗಿದ ಕ್ಷಣದಲ್ಲೇ ಹವ್ಯಾಸದ ಪ್ರಾಣಪಕ್ಷಿ ಹಾರಿಹೋಯಿತೆಂದು ವಿದ್ವಾಂಸರ ಮತ. ಆದರೆ ಲೆಕ್ಕ ಮಾಡುವುದಕ್ಕೆ ಮೊದಲೇ ಆತ ಪರದೇಶದ ಮಾಸಿಕವೊಂದರ ಡಿಜಿಟಲ್ ಆವೃತ್ತಿಗೆ ಚಂದಾದಾರನಾಗಿದ್ದ. ಮೊದಲ ತಿಂಗಳು 99 ರೂಪಾಯಿ. ಆಮೇಲಿನದನ್ನು ಆಮೇಲೆ ನೋಡಿಕೊಂಡರಾಯಿತು. ಹವ್ಯಾಸಿಗಳ ಉತ್ಸಾಹಕ್ಕೆ ಆಯುಷ್ಯ ಕಡಿಮೆ, ಹವ್ಯಾಸ ಪತ್ರಿಕೆಗಳಿಗೆ ಹಾಗಲ್ಲ: ಅಮೆರಿಕದ 'ಮಾಡೆಲ್ ರೈಲ್‌ರೋಡರ್' 1934ರಲ್ಲಿ ಹುಟ್ಟಿದ್ದು, ಬ್ರಿಟನ್ನಿನ 'ರೈಲ್ವೆ ಮಾಡೆಲರ್' 1949ರಲ್ಲಿ.

ಒಂದು ತಿಂಗಳ ಮೇಲೆ 3,499 ರೂಪಾಯಿ ಕಡಿತವಾಯಿತು. ಈ ಮೊತ್ತ ಹುಟ್ಟಿದ್ದು ಯಾವಾಗ? ಇಲ್ಲಿ ದರ್ಶನಗಳಲ್ಲಿ ಜಗಳ. ಸಾಂಖ್ಯರು ಸತ್ಕಾರ್ಯವಾದಿಗಳು, ಕಾರ್ಯವು ಕಾರಣದಲ್ಲಿ ಮೊದಲೇ ಅಡಗಿರುತ್ತದೆ ಎನ್ನುವವರು. 99ರ ಹೊಟ್ಟೆಯೊಳಗೆ 3,499 ಅವ್ಯಕ್ತವಾಗಿ ಇದ್ದೇ ಇತ್ತು, ಈಗ ವ್ಯಕ್ತವಾಯಿತು ಅಷ್ಟೆ. ನೈಯಾಯಿಕರು ಒಪ್ಪುವುದಿಲ್ಲ: ಮೊದಲು ಇಲ್ಲದ್ದು ಆಮೇಲೆ ಹೊಸದಾಗಿ ಹುಟ್ಟಿತು. ಪತ್ರಿಕೆಗಳ ಗ್ರಾಹಕ ಸೇವಾ ವಿಭಾಗದವರೆಲ್ಲ ಕಟ್ಟಾ ಸಾಂಖ್ಯರು, "ಷರತ್ತುಗಳಲ್ಲಿ ಮೊದಲೇ ಇತ್ತಲ್ಲ ಸರ್" ಎನ್ನುತ್ತಾರೆ. ಚಂದಾದಾರರು ಬಹುಮಟ್ಟಿಗೆ ನೈಯಾಯಿಕರು. ಪ್ರತ್ಯಕ್ಷವನ್ನು ಮಾತ್ರ ನಂಬುವ ಚಾರ್ವಾಕರು ದುಡ್ಡು ಹೋದಮೇಲಷ್ಟೆ ನಂಬುತ್ತಾರೆ. ಸಾಲ ಮಾಡಿಯಾದರೂ ತುಪ್ಪ ತಿನ್ನು ಎಂದವರಿಗೆ ಕ್ರೆಡಿಟ್ ಕಾರ್ಡಿನ ವಿಷಯದಲ್ಲಿ ಮಾತಾಡುವ ಮುಖವೂ ಇಲ್ಲ.

ಈ ಶಾಸ್ತ್ರವೆಲ್ಲ ನಿಂತಿರುವುದು 'ಮೌನಂ ಸಮ್ಮತಿ ಲಕ್ಷಣಂ' ಎಂಬ ಒಂದೇ ಕಂಬದ ಮೇಲೆ. ಹೆಣ್ಣು ನೋಡುವ ಶಾಸ್ತ್ರದಲ್ಲಿ ನಮ್ಮವರು ಬಹಳ ಕಾಲ ದುಡಿಸಿಕೊಂಡ ಈ ಮಾತನ್ನು ಅಮೆರಿಕದವರು ವ್ಯಾಪಾರಕ್ಕಿಳಿಸಿದರು. 1926ರಲ್ಲಿ ಶುರುವಾದ 'ಬುಕ್ ಆಫ್ ದ ಮಂತ್ ಕ್ಲಬ್' ಈ ಪದ್ಧತಿಗೆ ಹೆಸರಾಯಿತು: ಈ ತಿಂಗಳ ಪುಸ್ತಕ ಬೇಡವೆಂದು ಸದಸ್ಯ ಚೀಟಿ ಬರೆದು ಕಳಿಸಬೇಕಿತ್ತು, ಸುಮ್ಮನಿದ್ದರೆ ಪುಸ್ತಕ ಬರುತ್ತಿತ್ತು, ಜೊತೆಗೆ ಬಿಲ್ಲು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1973ರಲ್ಲಿ ಇದಕ್ಕೊಂದು ಕಟ್ಟಳೆ ಮಾಡಿತು. ಅಂದರೆ ಕಂಬ ಕೀಳಲಿಲ್ಲ, ಸುತ್ತ ಕಟಾಂಜನ ಹಾಕಿತು.

ನಮ್ಮ ಹಳೆಯ ಚಂದಾ ಪದ್ಧತಿ ಇದಕ್ಕೆ ಪೂರ್ತಿ ತಿರುಗುಮುರುಗು. ಸುತ್ತಿದ ಕಾಗದದ ಮೇಲೆ ವಿಳಾಸದ ಚೀಟಿ, ಪಕ್ಕದಲ್ಲಿ 'ನಿಮ್ಮ ಚಂದಾ ಈ ಸಂಚಿಕೆಗೆ ಮುಗಿಯುತ್ತದೆ' ಎಂಬ ಓರೆಯಾದ ರಬ್ಬರ್ ಸ್ಟಾಂಪು. ಇಷ್ಟವಿದ್ದವನು ಅಂಚೆ ಕಚೇರಿಗೆ ಹೋಗಿ, ದಾರ ಕಟ್ಟಿದ ಪೆನ್ನಿನಿಂದ ಮನಿಯಾರ್ಡರ್ ಫಾರಂ ತುಂಬಿ, ಕೆಳಗಿನ ಇಷ್ಟಗಲ ಜಾಗದಲ್ಲಿ ಚಂದಾ ಸಂಖ್ಯೆ ಬರೆದು, ಗೋಂದಿನ ಕೈ ಒರೆಸಿಕೊಂಡು ಬರಬೇಕು. ಆಗ ಸೋಮಾರಿಗೆ ದುಡ್ಡು ಉಳಿಯುತ್ತಿತ್ತು. ಈಗ ಸೋಮಾರಿಗೇ ಖರ್ಚು. ಶ್ರೀವೈಷ್ಣವರಲ್ಲಿ ಮರ್ಕಟಕಿಶೋರ ನ್ಯಾಯ, ಮಾರ್ಜಾಲಕಿಶೋರ ನ್ಯಾಯ ಎಂದು ಎರಡುಂಟು. ಕೋತಿಮರಿ ತಾನೇ ತಾಯಿಯ ಹೊಟ್ಟೆಯನ್ನು ತಬ್ಬಿ ಹಿಡಿದಿರುತ್ತದೆ; ಬೆಕ್ಕಿನ ಮರಿ ಸುಮ್ಮನಿರುತ್ತದೆ, ತಾಯಿಯೇ ಕತ್ತು ಕಚ್ಚಿ ಎತ್ತಿಕೊಂಡು ಹೋಗುತ್ತದೆ. ಮನಿಯಾರ್ಡರ್ ಕಾಲದ ಓದುಗ ಕೋತಿಮರಿ, ಆಟೋ ರಿನ್ಯೂವಲ್ ಕಾಲದವನು ಬೆಕ್ಕಿನ ಮರಿ. ಜೀವ ತನ್ನ ಕಡೆಯಿಂದ ಏನನ್ನೂ ಮಾಡಬೇಕಿಲ್ಲ ಎಂದು ತೆಂಗಲೆಯವರು ಹೇಳಿದ್ದು ಮೋಕ್ಷದ ವಿಷಯದಲ್ಲಿ. ಪ್ರಸರಣ ವಿಭಾಗದವರು ಅದನ್ನು ಹೀಗೆ ಓದಿಕೊಳ್ಳುತ್ತಾರೆಂದು ಅವರಿಗೆ ಹೇಗೆ ಗೊತ್ತಾಗಬೇಕು.

ಬಿಡುಗಡೆಯ ಮಾರ್ಗ ಎಷ್ಟು ದುರ್ಗಮ ಎಂಬುದಕ್ಕೆ ಮಹಾಕಾವ್ಯದ ಸಾಕ್ಷಿಯಿದೆ. ಅಮೆಜಾನ್ ಸಂಸ್ಥೆ ತನ್ನ ಪ್ರೈಮ್ ಸದಸ್ಯತ್ವ ರದ್ದು ಮಾಡುವ ವಿಧಾನಕ್ಕೆ ಒಳಗೊಳಗೇ ಇಟ್ಟುಕೊಂಡಿದ್ದ ಹೆಸರು 'ಇಲಿಯಡ್' ಎಂದು ಅದೇ ಫೆಡರಲ್ ಟ್ರೇಡ್ ಕಮಿಷನ್ 2023ರ ಮೊಕದ್ದಮೆಯಲ್ಲಿ ಹೇಳಿತು: ನಾಲ್ಕು ಪುಟ, ಆರು ಕ್ಲಿಕ್ಕು, ಹದಿನೈದು ಆಯ್ಕೆ. ಟ್ರಾಯ್ ಯುದ್ಧಕ್ಕೆ ಹತ್ತು ವರ್ಷ ಹಿಡಿದದ್ದನ್ನು ನೆನೆದರೆ ಇದು ಸಂಗ್ರಹ ಆವೃತ್ತಿ ಎನ್ನಬೇಕು. ಸೇರಿದಷ್ಟೇ ಸುಲಭವಾಗಿ ಬಿಡಲೂ ಬರಬೇಕೆಂಬ ನಿಯಮವನ್ನು ಕಮಿಷನ್ 2024ರ ಅಕ್ಟೋಬರಿನಲ್ಲಿ ಪ್ರಕಟಿಸಿತು. 2025ರ ಜುಲೈಯಲ್ಲಿ, ಜಾರಿಗೆ ಕೆಲವೇ ದಿನವಿರುವಾಗ, ಮೇಲ್ಮನವಿ ನ್ಯಾಯಾಲಯ ನಿಯಮ ಮಾಡಿದ ವಿಧಾನದಲ್ಲಿ ಲೋಪವಿದೆಯೆಂದು ಅದನ್ನು ರದ್ದುಮಾಡಿತು. ರದ್ದತಿಯನ್ನು ಸುಲಭಗೊಳಿಸುವ ನಿಯಮ ಎಷ್ಟು ಸುಲಭವಾಗಿ ರದ್ದಾಯಿತೆಂಬುದನ್ನು ಜಿಜ್ಞಾಸುಗಳು ಗಮನಿಸಬೇಕು. ಜರ್ಮನ್ನರು ಇಷ್ಟೆಲ್ಲ ಚರ್ಚೆಗೆ ಹೋಗದೆ, ಆನ್‌ಲೈನಿನಲ್ಲಿ ಚಂದಾ ಮಾಡಿಸುವವರು ಒಂದು ರದ್ದು ಗುಂಡಿ ಇಡಲೇಬೇಕೆಂದು 2022ರ ಜುಲೈ 1ರಿಂದ ಕಾನೂನು ಮಾಡಿಕೊಂಡು ಸುಮ್ಮನಾದರು. ಶಾಸ್ತ್ರಕಾರರಿಗೆ ಇಂಥವರಿಂದ ಉಪಯೋಗವಿಲ್ಲ.

ಭಾರತದಲ್ಲಿ ಪ್ರಳಯ ಸಂಭವಿಸಿದ್ದು 2021ರ ಅಕ್ಟೋಬರ್ 1ರಂದು. ಕಾರ್ಡಿನಿಂದ ಪದೇ ಪದೇ ಹಣ ಎಳೆಯುವವರು ಗ್ರಾಹಕನಿಂದ ಒಮ್ಮೆ ಸರಿಯಾಗಿ ಅನುಮತಿ ಪಡೆದಿರಬೇಕು, ಪ್ರತಿಸಲ 24 ಗಂಟೆ ಮುಂಚೆ ಬ್ಯಾಂಕು ಸೂಚನೆ ಕೊಡಬೇಕು, ಮಿತಿ ಮೀರಿದರೆ ಒಟಿಪಿ ಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ ಅಂದಿನಿಂದ ಬಿಗಿಯಾಯಿತು. ಸಿದ್ಧವಿರದ ವಿದೇಶಿ ಚಂದಾಗಳು ಎಷ್ಟೋ ಅಂದು ತಾವಾಗಿ ಸತ್ತವು. ಆಗ 5,000 ರೂಪಾಯಿ ಇದ್ದ ಮಿತಿ 2022ರ ಜೂನಿನಲ್ಲಿ 15,000ಕ್ಕೆ ಏರಿತು. ಪ್ರಳಯದ ನಂತರ ಸೃಷ್ಟಿ ಎಂಬ ಕ್ರಮ ತಪ್ಪಲಿಲ್ಲ. 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಗ್ರಾಹಕನನ್ನು ದಾರಿತಪ್ಪಿಸುವ ವಿನ್ಯಾಸಗಳನ್ನು, ಅಂದರೆ ಹದಿಮೂರು ಬಗೆಯ ಡಾರ್ಕ್ ಪ್ಯಾಟರ್ನ್‌ಗಳನ್ನು ಪಟ್ಟಿಮಾಡಿ, ಚಂದಾ ಬಲೆಯನ್ನೂ ಅದರಲ್ಲಿ ಸೇರಿಸಿತು. ಅಲಂಕಾರಶಾಸ್ತ್ರದ ದೋಷಪ್ರಕರಣಕ್ಕೆ ಇದೊಂದು ಗಣ್ಯ ಸೇರ್ಪಡೆ.

24 ಗಂಟೆ ಮುಂಚಿನ ಆ ಸೂಚನೆ ದೇವದತ್ತನಿಗೂ ಬಂದಿತ್ತು. ಗ್ಯಾಸ್ ಬುಕಿಂಗ್, ಸೈಟು ಮಾರಾಟ, ಹತ್ತು ನಿಮಿಷದಲ್ಲಿ ಪರ್ಸನಲ್ ಲೋನ್, ಇವುಗಳ ನಡುವೆ ಅದೂ ಒಂದು ಎಸ್ಸೆಮ್ಮೆಸ್ಸಾಗಿ ಕೂತಿತ್ತು.

ಕಾರ್ಡಿನ ಅವಧಿ ಮುಗಿದರೆ ಚಂದಾ ಸಾಯುವುದಿಲ್ಲವೇ ಎಂಬುದು ಪೂರ್ವಪಕ್ಷ. ಸಾಯಬೇಕಾಗಿಲ್ಲ. ಹೊರದೇಶಗಳಲ್ಲಿ ಹೊಸ ಕಾರ್ಡಿನ ನಂಬರನ್ನು ವ್ಯಾಪಾರಿಗೆ ತಲುಪಿಸುವ ಸೇವೆಯನ್ನು ವೀಸಾ, ಮಾಸ್ಟರ್‌ಕಾರ್ಡ್ ಎರಡೂ ಇಟ್ಟಿವೆ. ಕಾರ್ಡಿಗೆ ಪುನರ್ಜನ್ಮ, ಚಂದಾಕ್ಕೆ ಪೂರ್ವಜನ್ಮ ಸ್ಮರಣೆ. ನಮ್ಮಲ್ಲಿ 2022ರ ಅಕ್ಟೋಬರಿನಿಂದ ವ್ಯಾಪಾರಿಗಳು ಕಾರ್ಡಿನ ನಂಬರ್ ಇಟ್ಟುಕೊಳ್ಳುವಂತಿಲ್ಲ, ಬದಲಿಗೆ ಟೋಕನ್ ಎಂಬ ಸಂಕೇತ. ನಾಮರೂಪಗಳನ್ನೆಲ್ಲ ಕಳಚಿದ ಮೇಲೂ ಹಣ ಎಳೆಯಲು ಬರುತ್ತದೆಂಬುದು ಅದ್ವೈತಕ್ಕೆ ಸಿಕ್ಕ ದೊಡ್ಡ ಗೆಲುವು.

ಇಷ್ಟೆಲ್ಲ ಹೇಳಿಯೂ ಮುಖ್ಯ ತೊಡಕು ಉಳಿಯಿತು. ದೇವದತ್ತನಿಗೆ ಸೂಚನೆ ಬಂದಿದೆ, ಕಾನೂನು ಬೆನ್ನಿಗಿದೆ, ರದ್ದು ಮಾಡುವ ಪುಟವೂ ತೆರೆದಿದೆ. ಅಲ್ಲಿ ಎರಡು ಗುಂಡಿ. ಹಸಿರಾಗಿ ದೊಡ್ಡದಾಗಿ 'ನನ್ನ ರೈಲು ಓಡುತ್ತಿರಲಿ'. ಅದರ ಕೆಳಗೆ ಕಂಡೂ ಕಾಣದ ಬೂದು ಅಕ್ಷರದಲ್ಲಿ 'ಇಲ್ಲ, ನಾನು ಈ ಹವ್ಯಾಸ ಬಿಟ್ಟಿದ್ದೇನೆ'. ಎರಡನೆಯದನ್ನು ಒತ್ತಿದರೆ ಸುರಂಗಗಳೆಲ್ಲ ಅಧಿಕೃತವಾಗಿ ಕುಸಿದಂತೆ. ಚಂದಾ ಇರುವವರೆಗೆ ಆತ ಇನ್ನೂ ರೈಲು ಕಟ್ಟಲಿರುವ ಮನುಷ್ಯ. ಪತ್ರಿಕೆಯವರು ಮಾರುವುದು ಸಂಚಿಕೆಯನ್ನಲ್ಲ, ಈ ಭವಿಷ್ಯತ್ಕಾಲವನ್ನು. ವರ್ಷಕ್ಕೆ 3,499 ದುಬಾರಿಯೇನಲ್ಲ ಎಂದು ಒಂದು ಪಂಥವೇ ಇದೆ. ಈ ಲೇಖಕನೂ ಹೆಚ್ಚುಕಡಿಮೆ ಅದೇ ಪಂಥದವನು.

ದೇವದತ್ತ ಫೋನ್ ಮುಚ್ಚಿಟ್ಟು, ಬ್ಯಾಂಕಿಗೇ ಹೋಗಿ ನಿಲ್ಲಿಸಿಬಿಡುವುದೆಂದು ಸರಸ್ವತೀಪುರಂ ಶಾಖೆಗೆ ಹೋದ.

"ಯಾವ ಚಂದಾ ಸರ್ ಇದು?"

"ರೈಲು ಪತ್ರಿಕೆ."

"ಓ, ರೈಲ್ವೇಸಲ್ಲಿದ್ದೀರಾ?"

"ಇಲ್ಲ. ಆಟದ ರೈಲು."

"ಮಗೂಗಾ?"

ಹಿಂದೆ ಸಾಲಿನಲ್ಲಿ ನಾಲ್ಕು ಜನ ನಿಂತಿದ್ದರು. ದೇವದತ್ತ ಒಮ್ಮೆ ತಿರುಗಿ ನೋಡಿದ.

"ಇರಲಿ ಬಿಡಿ ಮೇಡಂ, ಪಾಸ್‌ಬುಕ್ ಎಂಟ್ರಿ ಮಾಡಿಕೊಡಿ."

"ಪ್ರಿಂಟರ್ ಕೆಟ್ಟಿದೆ ಸರ್. ಸೋಮವಾರ ಬನ್ನಿ."